ಜೋರಮ್ಮ ಕೊಟ್ಟ ಫೋಟೋ

ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಜೋರಮ್ಮ ಎಂದು ಹೆಸರಿಟ್ಟವರು ಯಾರು ಎಂದು ಕೇಳಿದರೆ ಊರಿನಲ್ಲಿ ಹತ್ತು ಜನ ನಾನು ತಾನು ಎಂದು ಮುಂದೆ ಬರುತ್ತಾರೆ. ಯಾರಿಟ್ಟರೇನು, ಹೆಸರು ಮಾತ್ರ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತುಬಿಟ್ಟಿದೆ. ಆಕೆ ಒಳಗಿನ ಕೋಣೆಯಲ್ಲಿ "ಉಸಿರು ಬಿಡಮ್ಮ" ಎಂದರೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಉಸಿರು ಬಿಡುತ್ತಾರೆ. ಗುಟ್ಟಿನ ಮಾತಿದ್ದರೆ ಧ್ವನಿ ತಗ್ಗಿಸುತ್ತಾಳೆ, ಇಲ್ಲ ಎನ್ನುವಂತಿಲ್ಲ. ಆಗ ಅದು ಉಳಿದವರು ಜಗಳವಾಡುವಷ್ಟಾಗುತ್ತದೆ. ರಸ್ತೆಯಾಚೆ ಸೈಕಲ್ ರಿಪೇರಿ ಮಾಡುವವನಿಗೆ, ಪಾಪ, ಬೇಡವೆಂದರೂ ಊರಿನ ಬಸುರಿಯರ ಸಮಾಚಾರವೆಲ್ಲ ಗೊತ್ತು.

ವಿನಯವಂತೂ ಆಕೆಯ ಹತ್ತಿರ ಸುಳಿದದ್ದಿಲ್ಲ. "ಈ ಊರಲ್ಲಿ ಓಡಾಡ್ತಿರೋ ಅರ್ಧ ಜನರನ್ನ ಅವರಮ್ಮನಿಗಿಂತ ಮೊದಲು ನೋಡಿದ್ದು ನಾನು" ಎಂದು ಆಗಾಗ ಹೇಳಿಕೊಳ್ಳುವಳು. ಅರ್ಧ ಎನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಕಾಲು ಭಾಗಕ್ಕೆ ಮೋಸವಿಲ್ಲ. ಕಾಲು ಭಾಗ ಸಾಲದೇ? ಬೇರೆಯವರು ಇಷ್ಟು ಮಾಡಿ ಇನ್ನೆಷ್ಟು ಮೆರೆಯುತ್ತಿದ್ದರೋ. ಆಕೆ ಮೆರೆದದ್ದು ಬರೀ ಬಾಯಲ್ಲಿ, ಅಷ್ಟಕ್ಕೆ ಯಾರಾದರೂ ಹೊಟ್ಟೆ ಉರಿದುಕೊಂಡರೆ ಅದು ಅವರ ಹಣೆಬರಹ.

ಕೇಂದ್ರವೆಂದರೆ ಎರಡು ಕೋಣೆ, ಮುಂದೊಂದು ಜಗಲಿ. ಕಿಟಕಿಯ ಒಡೆದ ಗಾಜಿಗೆ ಔಷಧಿ ಡಬ್ಬದ ರಟ್ಟು ಸಿಕ್ಕಿಸಿದೆ. ತೂಕದ ಯಂತ್ರದ ಮುಳ್ಳು ಎರಡು ಸಲ ತಟ್ಟಿದರೆ ಮಾತ್ರ ಸತ್ಯ ಹೇಳುತ್ತದೆ. ಕೋಣೆಗಳ ನಡುವೆ ದೊಡ್ಡ ದೊಡ್ಡ ಹೂವಿನ ಪರದೆ, ಜೋರಮ್ಮನ ಗಂಡ ಹೊಲಿದುಕೊಟ್ಟದ್ದು. ಆತ ದರ್ಜಿ. ಯಾರದೋ ಸೋಫಾಕ್ಕೆ ತಂದು ಮಿಕ್ಕ ಬಟ್ಟೆ ಅದು. ಇಡೀ ದಿನ ಮಾತಾಡುವ ಹೆಂಡತಿ, ಇಡೀ ದಿನ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವ ಗಂಡ. ಜೋಡಿ ಚೆನ್ನಾಗಿದೆ ಎಂದು ಊರವರು ನಗುತ್ತಾರೆ.

ಹೊಟ್ಟೆಯೊಳಗಿನ ಮಗುವನ್ನು ತೋರಿಸುವ ಸ್ಕ್ಯಾನಿಂಗ್ ಮಷೀನು ಬಂದದ್ದು ಆಕೆಗೆ ಕನ್ನಡಕ ಬಂದ ಮೇಲೆ. ಪಟ್ಟಣದ ಆಸ್ಪತ್ರೆಗೆ ದೊಡ್ಡ ಮಷೀನು ಬಂದಾಗ ಅಲ್ಲಿನ ಹಳೆಯ ಚಿಕ್ಕದನ್ನು ನಮಗೆ ಕೊಡಿ ಎಂದು ಜೋರಮ್ಮ ಹೋಗಿ ಬಂದು, ಬಂದು ಹೋಗಿ, ಅಲ್ಲಿಯ ಡಾಕ್ಟರಮ್ಮನ ತಲೆ ತಿಂದಿದ್ದಳು. ಕೊನೆಗೆ ಡಾಕ್ಟರಮ್ಮ, "ತಗೊಂಡು ಹೋಗು ಮಾರಾಯ್ತಿ, ಆದ್ರೆ ಮೊದಲು ಕಲಿ. ಕಲೀದೆ ಮುಟ್ಟಿದ್ರೆ ನಾನೇ ಬಂದು ಕಿತ್ಕೊಂಡು ಹೋಗ್ತೀನಿ" ಎಂದರು.

ಕಲಿತದ್ದೇನು ಸುಲಭಕ್ಕಲ್ಲ. ಮೊದಮೊದಲು ಮಷೀನಿನ ಪರದೆಯ ಮೇಲೆ ಆಕೆಗೆ ಕಂಡದ್ದು ಬರೀ ಮೋಡ. ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ನರ್ಸುಗಳು "ತಲೆ, ಬೆನ್ನು, ಕಾಲು" ಎಂದು ತೋರಿಸುತ್ತಿದ್ದರೆ ಈಕೆ "ಹೂಂ ಹೂಂ" ಎಂದು ತಲೆ ಆಡಿಸುತ್ತ ಒಳಗೊಳಗೇ ಬೆವರುತ್ತಿದ್ದಳು. ಮಷೀನು ಊರಿಗೆ ಬಂದ ಮೇಲೂ ಕೈ ಕೂರಲೆಂದು ಸಂಜೆ ಗಂಡನನ್ನೇ ಮಲಗಿಸಿಕೊಂಡು ಅಂಗಿ ಎತ್ತಿ, ತಣ್ಣನೆಯ ಜೆಲ್ ಬಳಿದು ಅಭ್ಯಾಸ ಮಾಡಿದಳು. ಗುಂಡುಸೂಜಿ ತೆಗೆದಿಟ್ಟು ದರ್ಜಿ ಕೇಳಿದ, "ಏನಾದ್ರೂ ಇದೆಯಾ?"

"ಇದೆ. ಬರೀ ಗಾಳಿ."

"ಹೆರಿಗೆ ಯಾವಾಗ?"

"ಸುಮ್ನೆ ಮಲಗ್ರೀ, ನಗಬೇಡಿ, ಹೊಟ್ಟೆ ಅಲ್ಲಾಡುತ್ತೆ."

ಹೀಗೆ ನಗುತ್ತ ಬೈಯುತ್ತ ಕೈ ಕೂತಿತು. ಮೋಡದೊಳಗಿಂದ ಮಗುವಿನ ಬೆನ್ನು ಪೋಣಿಸಿದ ಮಣಿಗಳಂತೆ ತಾನಾಗಿ ಎದ್ದು ಬಂದ ದಿನ, ಬಸುರಿಯ ಕೈ ಹಿಡಿದುಕೊಂಡು ಜೋರಮ್ಮನೇ ಅತ್ತುಬಿಟ್ಟಳು. ಬಸುರಿ ಗಾಬರಿಯಾಗಿ, "ಏನಾಯ್ತು ಅಕ್ಕಾ, ಕೆಟ್ಟದ್ದಾ?" ಎಂದು ಕೇಳಿದಳು. "ಕೆಟ್ಟದ್ದು ಯಾಕೆ? ಕಂಡಿತು ಕಣೇ!" ಎಂದು ಜೋರಮ್ಮ ಕೂಗಿದ್ದು ಸೈಕಲ್ ರಿಪೇರಿಯವನ ತನಕ ಕೇಳಿತು.

ಮಷೀನು ಬರುವ ಮುಂಚೆ ಜಗಲಿಯ ಬೆಂಚು ಖಾಲಿ ಹೊಡೆಯುತ್ತಿತ್ತು. "ನಮ್ಮ ಕಾಲದಲ್ಲಿ ಯಾವ ಆಸ್ಪತ್ರೆ ಇತ್ತು? ನಾವು ಹೆರಲಿಲ್ವಾ?" ಎಂದು ಅತ್ತೆಯರು ಸೊಸೆಯರನ್ನು ಮನೆಯಲ್ಲೇ ಕೂರಿಸುತ್ತಿದ್ದರು. "ಹೆತ್ರಿ, ಎಷ್ಟು ಜನ ಉಳಿದ್ರಿ ಅದನ್ನೂ ಹೇಳಿ" ಎಂದು ಜೋರಮ್ಮ ಮನೆ ಮುಂದೆ ನಿಂತು ಜಗಳಕ್ಕೆ ಬೀಳುತ್ತಿದ್ದಳು. ಜಗಳ ಗೆಲ್ಲುತ್ತಿದ್ದಳು, ಬೆಂಚು ಮಾತ್ರ ತುಂಬುತ್ತಿರಲಿಲ್ಲ. ಮಷೀನು ಬಂದದ್ದೇ ತಡ, ಮಗುವಿನ ಮುಖ ಕಾಣುತ್ತದಂತೆ, ಎದೆಯ ಬಡಿತ ಕೇಳುತ್ತದಂತೆ ಎಂಬ ಸುದ್ದಿ ಹರಡಿ, ಬೆಂಚಿನಲ್ಲಿ ಜಾಗ ಸಾಲದೆ ಜನ ನೆಲದ ಮೇಲೆ ಕೂತರು. ಆಗ ಜೋರಮ್ಮ ಒಂದು ಉಪಾಯ ಮಾಡಿದಳು. ಮಂಚದ ಪಕ್ಕದಲ್ಲಿ ಒಂದು ಸ್ಟೂಲು ಹಾಕಿ ಅದಕ್ಕೆ 'ಅತ್ತೆ ಸ್ಟೂಲು' ಎಂದು ಹೆಸರಿಟ್ಟಳು. ಬಸುರಿಯ ಜೊತೆ ಬಂದ ಅತ್ತೆಗೆ ಅದರ ಮೇಲೆ ಮರ್ಯಾದೆಯಿಂದ ಜಾಗ. ಮಷೀನಿನ ಪರದೆಯನ್ನು ಮೊದಲು ಆಕೆಯ ಕಡೆಗೇ ತಿರುಗಿಸುವುದು. ಮನೆಯಲ್ಲಿ ಹೋಗು ಬಾ ಎನ್ನುವವರು ಅವರು ತಾನೇ, ಅವರ ಕಣ್ಣಿಗೆ ಬೀಳಲಿ ಎಂದು. ಗಂಡೋ ಹೆಣ್ಣೋ ಎಂದು ಯಾರಾದರೂ ಬಾಯಿ ತೆರೆದರೆ, "ಮಗು. ಮನುಷ್ಯರ ಮಗು. ಸಾಕಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎಲ್ಲರಿಗೂ ಬೇಕಾದದ್ದು ಫೋಟೋ. ಮಷೀನಿಗೆ ಅಂಟಿಕೊಂಡಂತೆ ಚಿಕ್ಕದೊಂದು ಪ್ರಿಂಟರು; ಗುಂಡಿ ಒತ್ತಿದರೆ ಸುರುಳಿ ಕಾಗದದ ಮೇಲೆ ಮಗುವಿನ ಚಿತ್ರ ಬೆಚ್ಚಗೆ ಹೊರಬರುವುದು. ಜೋರಮ್ಮ ಅದನ್ನು ಹರಿದು ಅತ್ತೆಯ ಕೈಯಲ್ಲಿಟ್ಟು, ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳುತ್ತಿದ್ದಳು: "ಜೋಪಾನ. ಹುಟ್ಟೋ ತನಕ ಇದೇ ನಿಮ್ಮ ಮಗು ಅಂದ್ಕೊಳ್ಳಿ." ಮಾತು ಚೆನ್ನಾಗಿತ್ತು, ಆಕೆಗೇ ಬಹಳ ಇಷ್ಟವಾಗಿತ್ತು.

ಹೊಳೆಯಾಚೆಯ ಇಟ್ಟಿಗೆ ಭಟ್ಟಿಯಿಂದ ಕೆಂಪತ್ತೆ ಸೊಸೆಯನ್ನು ಕರೆತಂದದ್ದು ಆ ಸಡಗರದ ದಿನಗಳಲ್ಲೇ. ಅಚ್ಚಿಗೆ ಮಣ್ಣು ತುಂಬಿ ತುಂಬಿ ಕೈ, ಉಗುರು, ಬಟ್ಟೆಯ ಅಂಚು ಎಲ್ಲ ಕೆಂಪಾಗಿದ್ದರಿಂದ ಭಟ್ಟಿಯ ಗುಡಿಸಲುಗಳಲ್ಲಿ ಆಕೆಗೆ ಆ ಹೆಸರು. ಮಾತು ಕಡಿಮೆ, ಆದರೆ ಅಲ್ಲಿನ ಹೆಂಗಸರು ಆಕೆ ಹಾಕಿದ ಗೆರೆ ದಾಟುವವರಲ್ಲ. ಸೊಸೆ ಇನ್ನೂ ಎಳೆಯ ಹುಡುಗಿ. ಎಷ್ಟು ಮೆಲ್ಲಗೆ ಮಾತಾಡುವಳೆಂದರೆ ಜೋರಮ್ಮ ಬಾಗಿ ಬಾಗಿ, ಕೊನೆಗೆ "ಏ ಪಿಸುಮಾತೇ, ಸ್ವಲ್ಪ ಗಟ್ಟಿಯಾಗಿ ಹೇಳೇ" ಎಂದುಬಿಟ್ಟಳು. ಅವತ್ತಿನಿಂದ ಅವಳು ಪಿಸು.

ಮಗು ಚೆನ್ನಾಗಿತ್ತು. ಎದೆಯ ಬಡಿತ ಕೋಣೆ ತುಂಬ ಕೇಳಿತು. ಕೆಂಪತ್ತೆ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿ, ಕೆಂಪು ಬೆರಳು ಪರದೆಗೆ ತಾಗದ ಹಾಗೆ ಹಿಡಿದು, "ಇದು ತಲೆಯಾ?" ಎಂದಳು. ಆದರೆ ಜೋರಮ್ಮನ ಕಣ್ಣು ಬೇರೆಲ್ಲೋ ನೆಟ್ಟಿತ್ತು. ಹೊಟ್ಟೆಯಲ್ಲಿ ಮಗುವಿಗೆ ಉಣಿಸುವ ಮಾಸು ಮೇಲಿರಬೇಕಾದದ್ದು, ಕೆಳಗಿಳಿದು ಗರ್ಭದ ಬಾಯಿಗೆ ಅಡ್ಡವಾಗಿ ಕೂತಿತ್ತು.

ಇಂಥದ್ದನ್ನು ವಿವರಿಸಲು ಆಕೆಯ ಬಳಿ ಒಂದು ಬಟ್ಟೆ ಚೀಲವಿತ್ತು. ದರ್ಜಿ ಹೊಲಿದದ್ದು, ಬಾಯಿಗೆ ದಾರ ಹಾಕಿದ್ದು, ಒಳಗೊಂದು ಬಟ್ಟೆ ಗೊಂಬೆ. ಚೀಲದ ಬಾಯಿಯ ಒಳಗೆ ಒಂದು ತೇಪೆಯನ್ನು ಗುಂಡಿ ಹಾಕಿ ಕೂರಿಸಿ ತೋರಿಸಿದಳು. "ನೋಡಕ್ಕ, ಬಾಗಿಲಿಗೆ ಅಡ್ಡ ಇದು ಮಲಗಿದೆ. ಮಗು ಹೊರಗೆ ಬರಬೇಕು ಅಂದ್ರೆ ಇದನ್ನ ಹರ್ಕೊಂಡೇ ಬರಬೇಕು. ಹರಿದ್ರೆ ರಕ್ತ ನಿಲ್ಲಲ್ಲ. ತಾಯೀನೂ ಉಳಿಯಲ್ಲ, ಮಗೂನೂ ಉಳಿಯಲ್ಲ. ಹೊಟ್ಟೆ ಬೆಳೀತಾ ಕೆಲವರಿಗೆ ಇದು ಮೇಲಕ್ಕೆ ಹೋಗುತ್ತೆ. ಹೋಯ್ತಾ ಇಲ್ವಾ ಅಂತ ನಾನು ಮತ್ತೆ ನೋಡ್ಲೇಬೇಕು. ಹೋಗದಿದ್ರೆ ನೋವು ಬರೋಕೆ ಮುಂಚೇನೇ ಪಟ್ಟಣದಲ್ಲಿ ಆಪರೇಷನ್. ನಡುವೆ ಒಂದು ಹನಿ ರಕ್ತ ಕಂಡ್ರೂ, ನೋವಿಲ್ಲ ಅಂತ ಸುಮ್ನಿರಬೇಡಿ, ಓಡಿ ಬನ್ನಿ."

ಕೆಂಪತ್ತೆ ತೇಪೆಯನ್ನು ಮುಟ್ಟಿ ನೋಡಿ, "ಬರ್ತೀವಿ" ಎಂದಳು. ಫೋಟೋವನ್ನು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಅದರಲ್ಲಿ ಸುತ್ತಿಕೊಂಡಳು. ಸುಡು ಬಿಸಿಲಿನಲ್ಲಿ ಬರಿತಲೆಯಲ್ಲಿ ಹೋದಳು.

ಆಮೇಲೆ ಬರಲಿಲ್ಲ. ಹೇಳಿದ ದಿನ ಹೋಯಿತು, ಅದರ ಮುಂದಿನ ವಾರವೂ ಹೋಯಿತು. ಜೋರಮ್ಮ ಹೇಳಿಕಳಿಸಿದಳು. "ಬರಲ್ಲವಂತೆ" ಎಂದಷ್ಟೇ ಉತ್ತರ ಬಂತು. ಇನ್ನಷ್ಟು ದಿನ ಕಳೆದಾಗ ಭಟ್ಟಿಯ ಕಡೆಯ ಉಳಿದ ಬಸುರಿಯರೂ ಒಬ್ಬೊಬ್ಬರಾಗಿ ನಿಂತುಹೋದರು. ಹೊಳೆ ದಾಟಿ ಬರುತ್ತಿದ್ದ ಗುಂಪಿನ ಜಾಗ ಬೆಂಚಿನ ಮೇಲೆ ಹಾಗೇ ಖಾಲಿ ಬಿದ್ದಿತ್ತು.

ಜೋರಮ್ಮನಿಗೆ ಪಿತ್ತ ನೆತ್ತಿಗೇರಿತು. "ಕಾಡಿ ಬೇಡಿ ಮಷೀನು ತಂದಿದ್ದು ಯಾರಿಗೋಸ್ಕರ? ಇವರಿಗೆ ಫೋಟೋ ಸಿಕ್ತು, ಮುಗೀತು. ನಮ್ಮ ಮಾತು ಯಾರಿಗೆ ಬೇಕು" ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದಳು. ಕೋಪದ ಕೆಳಗೆ ಇದ್ದದ್ದು ಭಯ. ಪಿಸುವಿನ ಹೊಟ್ಟೆಯೊಳಗೆ ಬಾಗಿಲಿಗೆ ಅಡ್ಡ ಬಿದ್ದಿದ್ದ ಆ ಮಾಸು ಆಕೆಯ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಹುಡುಗಿಗೆ ಗುಡಿಸಲಿನಲ್ಲೇ ನೋವು ಬಂದರೆ ಹೊಳೆ ದಾಟಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಇದು ಆಕೆಗೆ ಗೊತ್ತು.

ದರ್ಜಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. ಅವನು ಹಾಗೆ ಮಾಡಿದರೆ ಉದ್ದನೆಯ ಮಾತಿದೆ ಎಂದರ್ಥ. "ಗಿರಾಕಿ ಹೊಲಿದ ಬಟ್ಟೆ ಹಾಕ್ಕೊಳ್ತಿಲ್ಲ ಅಂದ್ರೆ ನಾನು ಬೈಯಲ್ಲ. ಎಲ್ಲಿ ಚುಚ್ತಿದೆ ಅಂತ ಕೇಳ್ತೀನಿ. ಹೋಗು, ಕೇಳ್ಕೊಂಡು ಬಾ."

ಬೆಳಿಗ್ಗೆ ಆಕೆ ಆಂಬ್ಯುಲೆನ್ಸ್ ಡ್ರೈವರಣ್ಣನನ್ನು ಎಬ್ಬಿಸಿ, ಮಷೀನಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಟಳು. ಹಳ್ಳ ಬಂದಾಗಲೆಲ್ಲ, "ಮೆಲ್ಲಗಣ್ಣ, ಮೆಲ್ಲಗೆ! ಮಡಿಲಲ್ಲಿ ಮಗು ಇದೆ ಅಂದ್ಕೋ" ಎಂದು ಕೂಗಿದಳು. "ಮಗು ಆದ್ರೆ ನಿನ್ನ ಕೂಗಿಗೆ ಇಷ್ಟೊತ್ತಿಗೆ ಎದ್ದಿರೋದು" ಎಂದ ಡ್ರೈವರಣ್ಣ.

ಭಟ್ಟಿಯ ಬಳಿ ಇಳಿದಾಗ ಅಚ್ಚು ಹಾಕುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದರು. ಬಂದಾಗಲೆಲ್ಲ ಸುತ್ತುವರಿದು ನಗಾಡುತ್ತಿದ್ದವರು ಇವರೇನಾ ಎನಿಸಿತು. ಕೆಂಪತ್ತೆ ತನ್ನ ಗುಡಿಸಲಿನ ಬಾಗಿಲಿಗೆ ಅಡ್ಡ ನಿಂತಳು.

"ಆ ಪೆಟ್ಟಿಗೆ ಒಳಗೆ ಬರಬಾರದು" ಎಂದಳು.

"ಪೆಟ್ಟಿಗೆ ಏನು ಮಾಡಿತ್ತಕ್ಕ ನಿನಗೆ?"

"ನಮ್ಮ ಕೂಸನ್ನ ತಿಂತಾ ಇದೆ."

ಜೋರಮ್ಮನಿಗೆ ನಗು ಬಂತು. ಆ ಹೆಂಗಸಿನ ಮುಖ ನೋಡಿ ನಗಲಿಲ್ಲ. ಕೆಂಪತ್ತೆಯ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು. ಪೆಟ್ಟಿಗೆಯನ್ನು ಹೊಸಿಲ ಹೊರಗೆ ಡ್ರೈವರಣ್ಣನ ಕೈಗೆ ಕೊಟ್ಟು, "ನಾನೊಬ್ಬಳೇ ಬರ್ತೀನಿ. ನನಗಾದ್ರೂ ದಾರಿ ಬಿಡು" ಎಂದಳು.

ಒಳಗೆ ಮೂಲೆಯಲ್ಲಿ ಚಾಪೆಯ ಮೇಲೆ ಪಿಸು ಮಲಗಿದ್ದಳು. ಕೆಂಪತ್ತೆ ಒಲೆಯ ಕಡೆ ಬೆರಳು ತೋರಿಸಿದಳು. ಒಲೆಯ ಮೇಲುಗಡೆ, ಮಣ್ಣಿನ ಗೋಡೆಗೆ, ನಾಲ್ಕೂ ಮೂಲೆಗೆ ಮುಳ್ಳು ಚುಚ್ಚಿ ಫೋಟೋವನ್ನು ನೇರವಾಗಿ ನಿಲ್ಲಿಸಿದ್ದರು. ಫೋಟೋ ಎಲ್ಲಿ? ಅದು ಕಪ್ಪು ಕಾಗದ. ತಲೆ ಇಲ್ಲ, ಬೆನ್ನಿಲ್ಲ, ಏನೂ ಇಲ್ಲ.

"ಮೊದಲು ಕಾಲು ಹೋಯ್ತು" ಎಂದಳು ಕೆಂಪತ್ತೆ. "ಆಮೇಲೆ ಹೊಟ್ಟೆ. ದಿನಾ ಬೆಳಿಗ್ಗೆ ಎದ್ದು ನೋಡೋದು, ಇನ್ನಷ್ಟು ಕಪ್ಪು. ಕೊನೆಗೆ ತಲೇನೂ ಹೋಯ್ತು. ಇವಳು ಒದೀತಿದೆ ಅಂತಾಳೆ. ಎಷ್ಟು ದಿನ ಒದೆಯುತ್ತೆ? ಇನ್ನೊಂದು ಸಲ ಆ ಮಷೀನು ಇಟ್ರೆ ಅದೂ ಇರಲ್ಲ. ನಾನು ಹೆತ್ತ ಎರಡು ಕೂಸು ಕಳ್ಕೊಂಡಿದ್ದೀನಿ. ಇದನ್ನ ಕೊಡಲ್ಲ."

"ಒಲೆ ಹತ್ರ ಯಾಕಕ್ಕ ಇಟ್ಟೆ?"

ಕೆಂಪತ್ತೆ ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದಳು. "ಹುಟ್ಟೋ ತನಕ ಇದೇ ನಿಮ್ಮ ಮಗು ಅಂದಿದ್ದು ನೀನೇ ಅಲ್ವಾ? ಕೂಸು ಬೆಚ್ಚಗಿರಲಿ ಅಂತ ಇಟ್ಟೆ."

ಜೋರಮ್ಮ ಆ ಕಪ್ಪು ಕಾಗದವನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಆ ಕಾಗದ ಬಿಸಿ ತಾಗಿದರೆ ಕಪ್ಪಾಗುವಂಥದ್ದು. ಅಕ್ಷರವಾಗಲಿ ಚಿತ್ರವಾಗಲಿ ಅದರ ಮೇಲೆ ಮೂಡುವುದೇ ಬಿಸಿಯಿಂದ. ಸುರುಳಿಯನ್ನು ಬಿಸಿಲಿಗೆ ಇಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು, ಆಕೆ ಇಡುತ್ತಲೂ ಇರಲಿಲ್ಲ. ಫೋಟೋ ಮನೆಗೆ ಹೋಗುತ್ತದೆ, ಮನೆಯಲ್ಲಿ ಒಲೆ ಇರುತ್ತದೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಅದರ ಮೇಲೆ ಆ ಚೆಂದದ ಮಾತು ಬೇರೆ!

ಆಕೆ ಹೊರಗೆ ಹೋಗಿ ಸುರುಳಿ ಕಾಗದವನ್ನು ತಂದು, ಖಾಲಿ ತುಂಡೊಂದನ್ನು ಹರಿದು ಕೆಂಪತ್ತೆಯ ಕೈಗಿಟ್ಟಳು. "ಹಿಂದೆ ಮುಂದೆ ನೋಡು. ಏನಾದ್ರೂ ಇದೆಯಾ?"

"ಇಲ್ಲ."

"ಯಾರದಾದ್ರೂ ಮಗು ಇದೆಯಾ ಇದರಲ್ಲಿ?"

"ಇಲ್ಲ ಅಂದ್ನಲ್ಲ."

ಜೋರಮ್ಮ ಅದನ್ನು ಕೆಂಡದ ಮೇಲೆ, ಉರಿ ತಾಗದಷ್ಟು ಎತ್ತರದಲ್ಲಿ ಹಿಡಿದಳು. ಕಾಗದ ಮೊದಲು ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ಅಂಚಿನಿಂದ ಅಂಚಿಗೆ ಕಪ್ಪಾಯಿತು, ಗೋಡೆಯ ಮೇಲಿನದ್ದರ ಹಾಗೇ. ಕೆಂಪತ್ತೆ ಅದನ್ನು ಕಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ಇನ್ನೊಂದು ಕೊಡು" ಎಂದು ಕೇಳಿ, ತಾನೇ ಹರಿದು, ತಾನೇ ಹಿಡಿದಳು. ಅದೂ ಕಪ್ಪಾಯಿತು. ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರಲ್ಲಿ ಒಬ್ಬಳು "ಅಯ್ಯೋ, ನಾನು ನಮ್ಮದನ್ನ ಹೆದರಿ ಹೊಳೆಗೆ ಹಾಕಿಬಿಟ್ಟೆನಲ್ಲೇ" ಎಂದಳು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದು ಕೆಂಪತ್ತೆ ಕೂಗಿದಳು. "ಊರಿಗೆಲ್ಲ ಕೇಳೋ ಹಾಗೆ ಮಾತಾಡ್ತೀಯ, ಇದೊಂದು ಹೇಳೋಕೆ ಬಾಯಿ ಇರಲಿಲ್ವಾ?"

ಜೋರಮ್ಮನ ಧ್ವನಿ ಆಗ ನಿಜಕ್ಕೂ ತಗ್ಗಿತು. "ಹೇಳಬೇಕಿತ್ತಕ್ಕ. ನನಗೆ ಹೊಳೀಲಿಲ್ಲ. ತಪ್ಪು ನಂದು, ಕೂಸಿನದೂ ಅಲ್ಲ, ನಿಂದೂ ಅಲ್ಲ. ಈಗ ಅವಳನ್ನ ನೋಡೋಕೆ ಬಿಡು."

ಆಗ ಚಾಪೆಯಿಂದ ಏನೋ ಸದ್ದು ಬಂತು. ಪಿಸು ಮಾತಾಡುತ್ತಿದ್ದಳು. ಜೋರಮ್ಮ ಮಂಡಿಯೂರಿ ಕಿವಿಯನ್ನು ಅವಳ ಬಾಯಿಯ ಬಳಿ ಇಟ್ಟಳು. "ಅಕ್ಕಾ, ಬೆಳಿಗ್ಗೆ ಸ್ವಲ್ಪ ರಕ್ತ ಹೋಯ್ತು. ನೋವಿಲ್ಲ. ಅತ್ತೆ ಹೆದರ್ತಾರೆ ಅಂತ ಹೇಳಲಿಲ್ಲ."

ಪೆಟ್ಟಿಗೆ ಹೊಸಿಲು ದಾಟಿ ಬಂತು. ಬ್ಯಾಟರಿಯ ಮೇಲೆ ಮಷೀನು ಹೊತ್ತಿಕೊಂಡಿತು. ಮಗುವಿನ ಎದೆಯ ಬಡಿತ ಆ ಗುಡಿಸಲಿನಲ್ಲಿ ಕೇಳಿದಾಗ ಬಾಗಿಲಲ್ಲಿದ್ದವರೆಲ್ಲ ಕತ್ತು ಚಾಚಿ ಒಳಗೆ ಇಣುಕಿದರು. ಕೆಂಪತ್ತೆ ಚಾಪೆಯ ಪಕ್ಕದಲ್ಲಿ ಕೂತು ಸೊಸೆಯ ಕೈ ಹಿಡಿದಳು. ಜೋರಮ್ಮ ಮಾತ್ರ ನಗಲಿಲ್ಲ. ಮಾಸು ಮೇಲಕ್ಕೆ ಹೋಗಿರಲಿಲ್ಲ. ಬಾಗಿಲಿಗೆ ಅಡ್ಡ ಹಾಗೇ ಮಲಗಿತ್ತು.

"ಈಗಲೇ ಹೊರಡಬೇಕು" ಎಂದಳು. "ಚೀಲದಲ್ಲಿ ತೋರಿಸಿದ್ದೆನಲ್ಲ, ಆ ತೇಪೆ ಬಿಡೋಕೆ ಶುರುವಾಗಿದೆ."

"ನಿನ್ನ ಮಗ ಭಟ್ಟಿ ಉರಿ ಹತ್ರ ಇದ್ದಾನೆ, ಅವನಿಗೊಂದು ಮಾತು" ಎಂದು ಹಿಂದೆ ಯಾರೋ ಅಂದರು.

ಕೆಂಪತ್ತೆ ಎದ್ದಳು. "ಅವನಿಗೆ ನೀವು ಹೇಳಿ. ಇವಳನ್ನ ಎತ್ತಿ" ಎಂದು ಹೇಳಿ, ಗೋಡೆಯ ಮೇಲಿನ ಕಪ್ಪು ಕಾಗದವನ್ನು ಮುಳ್ಳುಸಮೇತ ಕಿತ್ತು ಬಟ್ಟೆಯೊಳಗೆ ಸಿಕ್ಕಿಸಿಕೊಂಡು, ಆಂಬ್ಯುಲೆನ್ಸಿನಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ದಾರಿಯಲ್ಲಿ ಜೋರಮ್ಮ ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಎಲ್ಲರಿಗೂ ಕಿರಿಕಿರಿಯಾಗುತ್ತಿದ್ದ ಆ ಧ್ವನಿ ಇಂಜಿನ್ನಿನ ಸದ್ದನ್ನೂ ಮೀರಿ ಸರಿಯಾಗಿ ಆ ಕಡೆಗೆ ಮುಟ್ಟಿತು. "ರಕ್ತ ತಯಾರಿಡ್ತೀನಿ, ಒಳಗೆ ಕೈ ಹಾಕಿ ಯಾರೂ ಪರೀಕ್ಷೆ ಮಾಡಬಾರದು, ನೇರ ನನ್ನ ಹತ್ರ ತಗೊಂಡು ಬಾ" ಎಂದರು ಡಾಕ್ಟರಮ್ಮ. ಸೇತುವೆ ದಾಟುವಾಗ ಪಿಸುವಿನ ಬಟ್ಟೆ ಮತ್ತೆ ಒದ್ದೆಯಾಯಿತು, ಈ ಸಲ ಸ್ವಲ್ಪವಲ್ಲ. ಕೆಂಪತ್ತೆಯ ಕೈ ಕೆಂಪಾಗಿತ್ತು, ಯಾವುದು ಮಣ್ಣು ಯಾವುದು ರಕ್ತ ಎಂದು ಗೊತ್ತಾಗದಷ್ಟು. ಡ್ರೈವರಣ್ಣ ತಮಾಷೆ ನಿಲ್ಲಿಸಿ, ಹಾರ್ನ್ ಮೇಲೆ ಇಟ್ಟ ಕೈ ತೆಗೆಯದೆ ಓಡಿಸಿದ.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಗೋಡೆಗೆ ಒರಗಿ ಇಬ್ಬರು ಹೆಂಗಸರು ನೆಲದ ಮೇಲೆ ಕೂತರು. ಜೋರಮ್ಮನಿಗೆ ಬಾಯಿಗೆ ಬೀಗ ಹಾಕಿದಂತಾಗಿತ್ತು. ನಾನು ಹದಿನೈದು ದಿನ ಮೊದಲೇ ಹೋಗಿದ್ದರೆ, ಕೋಪ ಮಾಡಿಕೊಂಡು ಕೂರದಿದ್ದರೆ, ಎಂದು ಒಳಗೇ ಕುದಿಯುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಕೆಂಪತ್ತೆಯೇ, "ಏನಾದ್ರೂ ಮಾತಾಡು ಮಾರಾಯ್ತಿ. ನೀನು ಸುಮ್ನಿದ್ರೆ ನನಗೆ ಕೈಕಾಲು ಆಡಲ್ಲ" ಎಂದಳು.

ಜೋರಮ್ಮ ಮಾತಾಡಿದಳು. ಗಂಡನ ಹೊಟ್ಟೆಯ ಮೇಲೆ ಮಷೀನಿಟ್ಟು ಗಾಳಿ ನೋಡಿದ ಕಥೆ ಹೇಳಿದಳು. ಕೆಂಪತ್ತೆ ಅಳುತ್ತಳುತ್ತಲೇ ನಕ್ಕಳು. ಇಬ್ಬರೂ ಹಾಗೆ ನಗುತ್ತಿರುವಾಗ ಒಳಗಿನಿಂದ ಒಂದು ಕೂಗು ಕೇಳಿತು, ಬಾಗಿಲು ನಡುಗುವಂಥ ಕೂಗು. ಹಾದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

ಡಾಕ್ಟರಮ್ಮ ಮುಖದ ಬಟ್ಟೆ ಕೆಳಗೆಳೆಯುತ್ತ ಬಂದರು. "ಇಬ್ಬರೂ ಉಳಿದ್ರು. ಹೆಣ್ಣುಮಗು. ಸಂಜೆ ತನಕ ಮನೇಲೇ ಇದ್ದಿದ್ರೆ ನಾನು ಏನು ಹೇಳಬೇಕಾಗಿತ್ತೋ." ಆಮೇಲೆ ಜೋರಮ್ಮನ ಕಡೆ ತಿರುಗಿ, "ಫೋನಲ್ಲಿ ನೀನು ಹೇಳಿದ್ದು ಹೇಳಿದ ಹಾಗೇ ಇತ್ತು. ಒಳ್ಳೇ ಕೆಲಸ ಮಾಡಿದೆ" ಎಂದರು.

ಮಗುವಿನ ಫೋಟೋ ಬೇಕಾ ಎಂದು ಫೋನು ಹಿಡಿದು ಕೇಳಿದ ಒಬ್ಬ ನರ್ಸಿಗೆ ಕೆಂಪತ್ತೆ ಹೇಳಿದಳು, "ಫೋಟೋ ಬೇಡಮ್ಮ. ಕೂಸನ್ನ ಕೊಡು, ನಾನೇ ಬೆಚ್ಚಗೆ ಇಟ್ಕೊಳ್ತೀನಿ."

ಈಗ ಕೇಂದ್ರದಲ್ಲಿ ಫೋಟೋ ಕೊಡುವ ಕ್ರಮವೇ ಬೇರೆ. ಮೊದಲು ಖಾಲಿ ಕಾಗದದ ತುಂಡನ್ನು ದೀಪಕ್ಕೆ ಹಿಡಿದು ಎಲ್ಲರ ಕಣ್ಣೆದುರು ಕಪ್ಪು ಮಾಡಿ ತೋರಿಸುವುದು. ಆಮೇಲೆ ಜೋರಮ್ಮನ ಹೊಸ ಮಾತು: "ಇದು ಕಾಗದ, ಮಗು ಅಲ್ಲ. ಮಗು ಹೊಟ್ಟೇಲಿದೆ, ಅದನ್ನ ಕರ್ಕೊಂಡು ಬನ್ನಿ. ಬಂದಾಗಲೆಲ್ಲ ಹೊಸ ಫೋಟೋ." ದರ್ಜಿ ಚೂರುಬಟ್ಟೆಯಲ್ಲಿ ಪುಟ್ಟ ಪುಟ್ಟ ಚೀಲ ಹೊಲಿದುಕೊಡುತ್ತಾನೆ, ಫೋಟೋ ಅದರಲ್ಲಿ. ಹಳೆಯದು ಮಂಕಾಯಿತು ಎಂದು ಹೊಸದಕ್ಕೆ ಬರುವವರು, ಓರಗಿತ್ತಿಗಿಂತ ತನ್ನದು ಸ್ಪಷ್ಟವಾಗಿರಬೇಕೆಂದು ಬರುವವರು, ಎಲ್ಲರ ರಕ್ತ, ತೂಕ, ಊತ ಅದೇ ನೆಪದಲ್ಲಿ ಜೋರಮ್ಮ ನೋಡಿಬಿಡುತ್ತಾಳೆ. ಭಟ್ಟಿಯ ಕಡೆ ಈಗ ಗುಡಿಸಲಿನಲ್ಲಿ ಹೆರಿಗೆಯಾಯಿತೆಂದರೆ ಅದೇ ದೊಡ್ಡ ಸುದ್ದಿ. ಇದೆಲ್ಲ ತಾನೇ ಮಾಡಿದ್ದೆಂದು ಆಕೆ ಹೇಳಿಕೊಳ್ಳದೆ ಇರುತ್ತಾಳೆಯೇ? ಹೇಳಿಕೊಳ್ಳುತ್ತಾಳೆ, ಆದರೆ ಕೊನೆಗೆ "ಕೆಂಪತ್ತೆ ಬೈದಿದ್ದಕ್ಕೆ ಇಷ್ಟಾಯ್ತು" ಎಂದು ಸೇರಿಸುತ್ತಾಳೆ. ಈ ಒಂದು ಮಾತು ಆಕೆ ಹಿಂದೆ ಎಂದೂ ಆಡಿದವಳಲ್ಲ.

ಭಟ್ಟಿಗೆ ರಜೆಯಿದ್ದ ದಿನ ಕೆಂಪತ್ತೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಕಾಗದ ಕಪ್ಪು ಮಾಡಿ ತೋರಿಸುವ ಕೆಲಸ ಆ ದಿನ ಆಕೆಯದೇ, ಬೇರೆಯವರು ಮುಟ್ಟುವಂತಿಲ್ಲ. ಗೋಡೆಯ ಮೇಲೆ, ಹೂವಿನ ಪರದೆಯ ಪಕ್ಕದಲ್ಲಿ, ನಾಲ್ಕು ಮೂಲೆಯಲ್ಲೂ ತೂತಾದ ಒಂದು ಕಪ್ಪು ಕಾಗದಕ್ಕೆ ಗಾಜು ಹಾಕಿಸಿ ತೂಗುಹಾಕಿದ್ದಾರೆ.

ಮೊನ್ನೆ ದೂರದಿಂದ ಒಬ್ಬ ಅತ್ತೆ ಮೊದಲ ಸಲ ಸೊಸೆಯನ್ನು ಕರೆತಂದಿದ್ದಳು. ಬಂದದ್ದೇ ಒಲ್ಲದ ಮನಸ್ಸಿನಿಂದ. ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದಳು. ಗೋಡೆ ನೋಡಿ, "ಅದೇನದು, ಖಾಲಿ ಕಪ್ಪು ಕಾಗದಕ್ಕೆ ಗಾಜು ಬೇರೆ?" ಎಂದು ಮೂಗು ಮುರಿದಳು.

"ಖಾಲಿ ಎಲ್ಲಿ?" ಎಂದಳು ಕೆಂಪತ್ತೆ. "ಅದು ನನ್ನ ಮೊಮ್ಮಗಳ ಮೊದಲ್ನೇ ಫೋಟೋ. ಬೆಚ್ಚಗಿರಲಿ ಅಂತ ನಾನೇ ಸುಟ್ಟಿದ್ದು. ಕೂಸು ಹೋಯ್ತು ಅಂತ ಅದನ್ನ ನೋಡ್ಕೊಂಡು ಅಳ್ತಾ ಕೂತಿದ್ದೆ. ಆ ಮಷೀನಮ್ಮ ಬಂದು ಬಾಗಿಲಲ್ಲಿ ನಿಂತಳು. ಅಗೋ ನೋಡು, ಹೋಗಿದ್ದ ಕೂಸು."

ಜಗಲಿಯಲ್ಲಿ ತೂಕದ ಯಂತ್ರ ಹತ್ತಿ ನಿಂತಿದ್ದ ಪುಟ್ಟ ಹುಡುಗಿ ಮುಳ್ಳನ್ನು ಎರಡು ಸಲ ತಟ್ಟಿ, "ಉಸಿರು ಬಿಡಮ್ಮಾ!" ಎಂದು ಕೂಗಿದಳು. ಬೆಂಚಿನ ಮೇಲಿದ್ದವರೆಲ್ಲ ಉಸಿರು ಬಿಟ್ಟರು. ರಸ್ತೆಯಾಚೆ ಸೈಕಲ್ ರಿಪೇರಿಯವನು ಜೋರಮ್ಮನೇ ಹೊರಗೆ ಬಂದಳೇನೋ ಎಂದು ತಿರುಗಿ ನೋಡಿದ.

ದೂರದ ಅತ್ತೆ ಕಪ್ಪು ಕಾಗದವನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ಆಮೇಲೆ ಹಿಡಿದಿದ್ದ ಕೈಯನ್ನು ಬಿಡದೆಯೇ ಎದ್ದು ನಿಂತು, "ಏಳಮ್ಮ, ಒಳಗೆ ಹೋಗೋಣ" ಎಂದಳು. ಪರದೆಯ ಹಿಂದೆ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದ ಜೋರಮ್ಮ ಕಣ್ಣೊರೆಸಿಕೊಂಡು, ಅತ್ತೆ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದಿಟ್ಟಳು.